ಔಷಧಿ ತಗೊಂಡರೂ ಮತ್ತೆ ಬರುವ ಲೈಂಗಿಕ ಸೋಂಕು: ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಮಾಡಿಸುವುದು ಹೇಗೆ

"ಗುಳಿಗೆ ತಗೊಂಡೆ, ಕಡಿಮೆ ಆಯ್ತು, ತಿಂಗಳು ತುಂಬೋದ್ರಾಗ ಮತ್ತ ಶುರುವಾತು." ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಲೈಂಗಿಕ ಕೆಲಸ ಮಾಡುವ ಅಕ್ಕಂದಿರು ಪದೇ ಪದೇ ಹೇಳುವ ಮಾತು ಇದು. ಔಷಧಿ ಸರಿ ಇಲ್ಲ ಅಂತ ಡಾಕ್ಟರನ್ನು ಬದಲಿಸುತ್ತಾರೆ. ಆಮೇಲೆ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಅಲ್ಲಿಂದ ಊರಿನ ಆರ್‌ಎಂಪಿ (ಡಾಕ್ಟರ್ ಡಿಗ್ರಿ ಇಲ್ಲದೆ ಔಷಧಿ ಕೊಡುವವನು) ಹತ್ತಿರ ಸೂಜಿ ಹಾಕಿಸಿಕೊಳ್ಳುತ್ತಾರೆ. ದುಡ್ಡು ಹೋಗುತ್ತದೆ, ಸೋಂಕು ಹೋಗುವುದಿಲ್ಲ.

ಬಹಳ ಸಲ ಮೊದಲ ಔಷಧಿಯೇ ಕೆಲಸ ಮಾಡಿರುತ್ತದೆ. ಸೋಂಕು ಖಾಯಂ ಸಂಗಾತಿಯಿಂದ ವಾಪಸ್ ಬಂದಿರುತ್ತದೆ. ಗಿರಾಕಿ ಜೊತೆ ಕಾಂಡೋಮ್ ತಪ್ಪದೆ ಬಳಸುವ ಹೆಣ್ಣುಮಕ್ಕಳು ಮನೆಗೆ ಬಂದು ಹೋಗುವವನ ಜೊತೆ ಬಳಸುವುದಿಲ್ಲ. ಅವನು ಗಂಡನಿರಬಹುದು, ಮಕ್ಕಳ ತಂದೆ ಇರಬಹುದು, ವರ್ಷಗಳಿಂದ ಜೊತೆಗಿರುವ ಲಾರಿ ಡ್ರೈವರ್ ಇರಬಹುದು. ಅವನಿಗೆ ಔಷಧಿ ಆಗದೆ ಇವಳೊಬ್ಬಳೇ ಎಷ್ಟು ಸಲ ಗುಳಿಗೆ ನುಂಗಿದರೂ ಅಷ್ಟೇ.

ಹಾಗಾಗಿ ಇಲ್ಲಿ ಹಂತಗಳ ಕ್ರಮ ಮುಖ್ಯ. ಇದನ್ನು ಆ ಅಕ್ಕಂದಿರಿಗೆ, ಅವರ ಜೊತೆ ಕ್ಲಿನಿಕ್‌ಗೆ ಹೋಗುವ ಪೀರ್ ಕಾರ್ಯಕರ್ತೆಯರಿಗೆ (ಅವರ ನಡುವಿನಿಂದಲೇ ಬಂದು ನೆರವಾಗುವವರು), ಆಪ್ತ ಸಮಾಲೋಚಕರಿಗೆ ಅಂತ ಬರೆದಿದ್ದೇನೆ. ಔಷಧಿ ಬರೆಯುವುದು ಡಾಕ್ಟರ ಕೆಲಸ. ಸರಿಯಾದ ಔಷಧಿ ಸರಿಯಾದ ದಿನ ಇಬ್ಬರ ಹೊಟ್ಟೆಗೂ ಹೋಗುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಹಳೆಯ ಚೀಟಿಗಳು, ಹಳೆಯ ರಕ್ತ ಪರೀಕ್ಷೆಯ ರಿಪೋರ್ಟು. ಕಳೆದ ಸಲ ನುಂಗಿದ ಗುಳಿಗೆಯ ಖಾಲಿ ಪಟ್ಟಿ ಇದ್ದರೆ ಅದೂ. ಕೊನೆಯ ಮುಟ್ಟಿನ ತಾರೀಖು. ಯಾವುದಾದರೂ ಔಷಧಿಗೆ ಮೈ ದದ್ದು ಬಂದಿತ್ತಾ, ಉಸಿರು ಕಟ್ಟಿತ್ತಾ ಎಂಬ ನೆನಪು. ಎರಡು ವಾರಕ್ಕೆ ಸಾಕಾಗುವಷ್ಟು ಕಾಂಡೋಮ್ ಮತ್ತು ನೀರಿನ ಅಂಶದ ಜೆಲ್. ಗುಳಿಗೆ ಹೊತ್ತು ನೆನಪಿಸಲು ಮೊಬೈಲಿನ ಅಲಾರಂ.

ಕಾಂಡೋಮ್ ಇಡುವ ಜಾಗದ ಬಗ್ಗೆ ಒಂದು ಮಾತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಮಾಡಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ, ಲಾರಿಯ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ ಕಾಂಡೋಮ್ ಹಾಳಾಗಿ ಹರಿಯುತ್ತದೆ. ನೀರಿನ ಕೊಡದ ಹತ್ತಿರ, ನೆರಳಿರುವ ಮೂಲೆಯಲ್ಲಿ ಡಬ್ಬಿಗೆ ಹಾಕಿ ಇಡಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಿದರೂ ಕಾಂಡೋಮ್ ಒಡೆಯುತ್ತದೆ.

## ಹಂತ 1: ಇವತ್ತೇ ಹೋಗಬೇಕಾದ ಕೇಸಾ, ನೋಡಿ

ಮೊದಲು ಇದನ್ನು ನೋಡಿ. ಕೆಲವು ಲಕ್ಷಣ ಇದ್ದರೆ ಕ್ಲಿನಿಕ್ ದಿನ ಕಾಯುವ ಹಾಗಿಲ್ಲ, ನೇರ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಕಿಬ್ಬೊಟ್ಟೆಯಲ್ಲಿ ಜೋರು ನೋವು, ಜೊತೆಗೆ ಜ್ವರ ಅಥವಾ ವಾಂತಿ ಇದ್ದರೆ ಸೋಂಕು ಗರ್ಭಕೋಶಕ್ಕೆ, ಗರ್ಭನಾಳಕ್ಕೆ ಏರಿರಬಹುದು. ಮುಟ್ಟು ತಪ್ಪಿದೆ, ಒಂದು ಕಡೆ ಹೊಟ್ಟೆ ನೋವು, ಸ್ವಲ್ಪ ರಕ್ತ ಹೋಗುತ್ತಿದೆ, ತಲೆ ಸುತ್ತುತ್ತಿದೆ ಅಂದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಅದು ಜೀವಕ್ಕೆ ಅಪಾಯ. ರಾತ್ರಿಯಾದರೂ 108 ಕರೆಯಿರಿ.

ಗಂಡಸಿಗೆ ವೃಷಣ ಒಮ್ಮೆಲೆ ಬಾತು ವಿಪರೀತ ನೋವಾದರೆ ಅದು ಸೋಂಕು ಇರಬಹುದು, ವೃಷಣ ತಿರುಚಿಕೊಂಡಿರಲೂಬಹುದು. ತಿರುಚಿದ್ದರೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಬೇಕು.

ಬಲವಂತದ ಸಂಭೋಗ ಆಗಿದ್ದರೆ, ಅಥವಾ ಕಾಂಡೋಮ್ ಹರಿದು ಎಚ್‌ಐವಿ ಭಯ ಇದ್ದರೆ 72 ಗಂಟೆ ಎಂಬುದನ್ನು ನೆನಪಿಡಿ. ಅಷ್ಟರೊಳಗೆ ತಡೆ ಔಷಧಿ ಶುರುವಾದರೆ ಮಾತ್ರ ಉಪಯೋಗ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಜಿಲ್ಲಾ ಆಸ್ಪತ್ರೆ ಅಥವಾ ಎಆರ್‌ಟಿ ಸೆಂಟರಿನಲ್ಲಿ (ಎಚ್‌ಐವಿ ಔಷಧಿ ಕೊಡುವ ಕೇಂದ್ರ) ಕೇಳಿ.

ಗರ್ಭಿಣಿಯಾಗಿದ್ದು ಹುಣ್ಣೋ ಮೈಮೇಲೆ ಕಲೆಯೋ ಕಂಡರೂ ತಡ ಮಾಡಬೇಡಿ. ಸಿಫಿಲಿಸ್ ಹೊಟ್ಟೆಯಲ್ಲಿರುವ ಮಗುವಿಗೆ ಹೋಗುತ್ತದೆ.

## ಹಂತ 2: ಸರಿಯಾದ ಬಾಗಿಲು ತಟ್ಟಿ

ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇರುತ್ತದೆ. ಲೈಂಗಿಕ ಸೋಂಕಿಗೆ ಅಲ್ಲಿ ತಪಾಸಣೆಯೂ ಔಷಧಿಯೂ ಉಚಿತ. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ (ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಕ್ಕೆ ಹೋಗಬೇಕು. ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುವ ಟಿಐ (ಎಚ್‌ಐವಿ ತಡೆ ಯೋಜನೆಯ) ಸಂಸ್ಥೆಗಳ ಕ್ಲಿನಿಕ್‌ಗಳಲ್ಲೂ ಚಿಕಿತ್ಸೆ ಸಿಗುತ್ತದೆ. ಹತ್ತಿರದ ಕೇಂದ್ರ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಕಟ್ ಆಗುವುದಿಲ್ಲ.

ತಮ್ಮೂರಿನ ಆಸ್ಪತ್ರೆಯಲ್ಲಿ ಯಾರಾದರೂ ನೋಡಿಬಿಡುತ್ತಾರೆ ಎಂಬ ಭಯ ಸುಳ್ಳಲ್ಲ. ಸಿರುಗುಪ್ಪದವರು ಬಳ್ಳಾರಿಗೆ, ಸಿಂಧನೂರು, ಮಾನ್ವಿಯವರು ರಾಯಚೂರಿಗೆ, ಗಂಗಾವತಿಯವರು ಕೊಪ್ಪಳಕ್ಕೆ ಹೋದರೆ ತಪ್ಪೇನೂ ಇಲ್ಲ. ಆದರೆ ಮತ್ತೆ ತೋರಿಸಲೂ ಅಲ್ಲಿಗೇ ಹೋಗುವಷ್ಟು ಬಸ್ ಚಾರ್ಜ್, ಹೊತ್ತು ಇದೆಯಾ ಅಂತ ಮೊದಲೇ ಲೆಕ್ಕ ಹಾಕಿ. ಅರ್ಧಕ್ಕೆ ಬಿಡುವವರಲ್ಲಿ ಬಹಳ ಜನ ದೂರದ ಆಸ್ಪತ್ರೆ ಆರಿಸಿಕೊಂಡವರೇ.

ಮೆಡಿಕಲ್ ಶಾಪಿನಲ್ಲಿ ಲಕ್ಷಣ ಹೇಳಿ ಎರಡು ಗುಳಿಗೆ ತಗೊಂಡು ಬರುವುದನ್ನು ದಯವಿಟ್ಟು ನಿಲ್ಲಿಸಿ. ಅರ್ಧ ಡೋಸು ರೋಗವನ್ನು ಮುಚ್ಚುತ್ತದೆ, ಕೊಲ್ಲುವುದಿಲ್ಲ. ಗೊನೊರಿಯಾ ರೋಗಾಣು ಸಿಪ್ರೊಫ್ಲಾಕ್ಸಾಸಿನ್‌ನಂಥ ಹಳೆಯ ಔಷಧಿಗೆ ಈಗ ಬಗ್ಗುತ್ತಿಲ್ಲ. ಅಂಗಡಿಯಲ್ಲಿ ಅದನ್ನೇ ಕೊಟ್ಟರೆ ನೀವು ನುಂಗಿದ್ದು ಸುಮ್ನೆ. ಡೆಟಾಲ್, ನಿಂಬೆಹುಳಿ, ಸೋಪಿನ ನೀರು ಒಳಗೆ ಹಾಕಿ ತೊಳೆಯುವುದೂ ಬೇಡ. ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಬಿಳಿಸೆರಗು ಜಾಸ್ತಿಯಾಗುತ್ತದೆ.

## ಹಂತ 3: ಡಾಕ್ಟರ ಎದುರು ಏನು ಹೇಳಬೇಕು, ಏನು ಕೇಳಬೇಕು

ಹಿಂದಿನ ದಿನ ಒಳಗೆ ತೊಳೆಯಬೇಡಿ, ಕ್ರೀಮ್ ಹಚ್ಚಬೇಡಿ. ತೊಳೆದು ಹೋದರೆ ಡಾಕ್ಟರಿಗೆ ಏನೂ ಕಾಣುವುದಿಲ್ಲ.

ಹೇಳಬೇಕಾದ್ದು: ಬಿಳಿಸೆರಗಿನ ಬಣ್ಣ, ವಾಸನೆ, ತುರಿಕೆ, ಉರಿಮೂತ್ರ, ಹುಣ್ಣು ಇದ್ದರೆ ನೋವು ಇದೆಯೋ ಇಲ್ಲವೋ, ಹೊಟ್ಟೆ ನೋವು, ಸಂಭೋಗದ ನಂತರ ರಕ್ತ. ನೋವಿಲ್ಲದ ಹುಣ್ಣನ್ನು ಹಗುರವಾಗಿ ತಗೋಬೇಡಿ. ಸಿಫಿಲಿಸ್ ಹುಣ್ಣು ನೋಯುವುದಿಲ್ಲ. ಔಷಧಿ ಇಲ್ಲದಿದ್ದರೂ ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತದೆ. ಮಾಯಿತು ಅಂತ ಸಮಾಧಾನವಾಗಿದ್ದರೆ ರೋಗ ರಕ್ತದಲ್ಲಿ ಉಳಿದಿರುತ್ತದೆ. ಕೆಲವು ವಾರ ಕಳೆದು ಅಂಗೈ, ಅಂಗಾಲಿನಲ್ಲಿ ತುರಿಸದ ಕಲೆ ಏಳಬಹುದು.

ಬಾಯಿಂದ, ಗುದದಿಂದ ಸಂಪರ್ಕ ಇದ್ದರೆ ಅದನ್ನೂ ಹೇಳಿ. ಕೇಳದಿದ್ದರೂ ಹೇಳಿ. ಗಂಟಲಲ್ಲಿ, ಗುದದಲ್ಲಿ ಸೋಂಕು ಇದ್ದರೆ ಬಹಳ ಸಲ ಲಕ್ಷಣವೇ ಇರುವುದಿಲ್ಲ, ನಾಚಿಕೆಯಿಂದ ಮುಚ್ಚಿಟ್ಟರೆ ಅಲ್ಲಿ ಉಳಿದುಬಿಡುತ್ತದೆ. ಲೈಂಗಿಕ ಕೆಲಸ ಮಾಡುವ ಗಂಡಸರಿಗೆ, ಮಂಗಳಮುಖಿಯರಿಗೆ, ಜೋಗಪ್ಪಂದಿರಿಗೆ ಇದು ಇನ್ನೂ ಮುಖ್ಯ.

ಸ್ಪೆಕ್ಯುಲಂ (ಒಳಗೆ ನೋಡಲು ಬಳಸುವ ಸಾಧನ) ಹಾಕಿ ಗರ್ಭಕೊರಳು ನೋಡಿದರೆ ಮಾತ್ರ ಸೋಂಕು ಬರೀ ಯೋನಿಯಲ್ಲಿದೆಯೋ, ಒಳಗಿನ ಕೊರಳಿನಲ್ಲಿದೆಯೋ ಗೊತ್ತಾಗುತ್ತದೆ. ಎರಡಕ್ಕೂ ಔಷಧಿ ಬೇರೆ. ಪರದೆ ಹಾಕಿಸಿಕೊಳ್ಳಿ. ಜೊತೆಗೆ ಮಹಿಳಾ ನರ್ಸ್ ಇರಲಿ ಅಂತ ಕೇಳಿ. ಅದು ನಿಮ್ಮ ಹಕ್ಕು. ಬೇಡ ಅನಿಸಿದರೆ ಇವತ್ತು ಬೇಡ ಎನ್ನಬಹುದು, ಅದಕ್ಕಾಗಿ ಔಷಧಿ ಕೊಡದೆ ಕಳಿಸುವಂತಿಲ್ಲ.

ಸಿಫಿಲಿಸ್ ಮತ್ತು ಎಚ್‌ಐವಿ ರಕ್ತ ಪರೀಕ್ಷೆ ಅವತ್ತೇ ಮಾಡಿಸಿ. ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕೇ ಬೇಕು. ಫಲಿತಾಂಶವನ್ನು ನಿಮ್ಮನ್ನು ಕೇಳದೆ ಸಾಮಾನ್ಯವಾಗಿ ಬೇರೆಯವರಿಗೆ ಹೇಳುವ ಹಾಗಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಲೈಂಗಿಕ ಕಾರ್ಯಕರ್ತೆಯರಿಗೂ ಘನತೆಯಿಂದ ಬದುಕುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಯಾರಾದರೂ ಎಲ್ಲರೆದುರು ನಿಮ್ಮ ಕೆಲಸದ ಬಗ್ಗೆ ಕೂಗಿ ಮಾತಾಡಿದರೆ ಜೊತೆಗೆ ಬಂದ ಪೀರ್ ಕಾರ್ಯಕರ್ತೆ ಅಲ್ಲೇ ಮೆಲ್ಲಗೆ ಇದನ್ನು ನೆನಪಿಸಲಿ.

## ಹಂತ 4: ಮೊದಲ ಡೋಸು ಕ್ಲಿನಿಕ್‌ನಲ್ಲೇ ಮುಗಿಸಿ

ಸರ್ಕಾರಿ ಕ್ಲಿನಿಕ್‌ಗಳಲ್ಲಿ ಔಷಧಿ ಬಣ್ಣದ ಕಿಟ್‌ಗಳಲ್ಲಿ ಬರುತ್ತದೆ. ಓದಲು ಬರದವರೂ ಬಣ್ಣದಿಂದ ಗುರುತು ಹಿಡಿಯಬಹುದು. ಬೂದು ಬಣ್ಣದ ಕಿಟ್ 1 ಗರ್ಭಕೊರಳಿನ ಸೋಂಕಿಗೆ, ಗಂಡಸರ ಮೂತ್ರನಾಳದಿಂದ ಬರುವ ಕೀವಿಗೆ. ಹಸಿರು ಕಿಟ್ 2 ಬಿಳಿಸೆರಗಿಗೆ. ಬಿಳಿ ಕಿಟ್ 3 ಹುಣ್ಣಿಗೆ, ಅದರಲ್ಲಿ ಪೆನ್ಸಿಲಿನ್ ಸೂಜಿ ಇರುತ್ತದೆ. ಪೆನ್ಸಿಲಿನ್ ಆಗದವರಿಗೆ ನೀಲಿ ಕಿಟ್ 4. ಹರ್ಪಿಸ್ ಗುಳ್ಳೆಗೆ ಕೆಂಪು ಕಿಟ್ 5. ಕಿಬ್ಬೊಟ್ಟೆ ನೋವಿಗೆ ಹಳದಿ ಕಿಟ್ 6. ತೊಡೆ ಸಂದಿನ ಗಂಟಿಗೆ ಕಪ್ಪು ಕಿಟ್ 7. ಒಬ್ಬರಿಗೇ ಎರಡು ಕಿಟ್ ಕೊಟ್ಟರೆ ಗಾಬರಿ ಬೇಡ, ಬೂದು ಮತ್ತು ಹಸಿರು ಒಟ್ಟಿಗೆ ಕೊಡುವುದು ಉಂಟು. ಒಳಗಿನ ಔಷಧಿ ಆಗಾಗ ಬದಲಾಗುತ್ತದೆ. ಆದ್ದರಿಂದ ಪಕ್ಕದ ಮನೆಯವಳ ಕಿಟ್ ನೋಡಿ ನಿಮ್ಮದನ್ನು ನಿರ್ಧರಿಸಬೇಡಿ.

ಒಂದೇ ಡೋಸಿನ ಗುಳಿಗೆ ಇದ್ದರೆ ಡಾಕ್ಟರ ಎದುರೇ ನುಂಗಿ. ಅದಕ್ಕೇ ಮನೆಯಿಂದ ಊಟ ಮಾಡಿ ಹೊರಡಿ, ಖಾಲಿ ಹೊಟ್ಟೆಯಲ್ಲಿ ಒಮ್ಮೆಲೆ ನುಂಗಿದರೆ ಓಕರಿಕೆ ಬರಬಹುದು. ಒಂದು ಗಂಟೆಯೊಳಗೆ ವಾಂತಿಯಾದರೆ ಗುಳಿಗೆ ಹೊರಗೆ ಹೋದ ಹಾಗೆ. ವಾಪಸ್ ಹೋಗಿ ಹೇಳಿ, ಮತ್ತೆ ಕೊಡಬೇಕಾಗುತ್ತದೆ.

ಸೆಕ್ನಿಡಜೋಲ್, ಮೆಟ್ರೋನಿಡಜೋಲ್ ಇರುವ ಕಿಟ್ ಆದರೆ ಕುಡಿಯಬೇಡಿ. ಮುಗಿದ ಮೇಲೂ ಮೂರು ದಿನ ಬಿಟ್ಟರೆ ಒಳ್ಳೆಯದು. ಬಿಯರ್, ಸೇಂದಿ ಲೆಕ್ಕಕ್ಕಿಲ್ಲ ಅಂದುಕೊಳ್ಳುವವರು ಜಾಸ್ತಿ. ಅವೂ ಮದ್ಯವೇ. ಗಿರಾಕಿ ಒತ್ತಾಯಕ್ಕೆ ಕುಡಿಯಬೇಕಾಗುತ್ತದೆ ಅನ್ನುವವರು "ಜ್ವರದ ಗುಳಿಗೆ ನಡೀತೈತಿ" ಅಂತ ಹೇಳಿದರೆ ಸಾಕು.

ಡಾಕ್ಸಿಸೈಕ್ಲಿನ್ ಎರಡು ಮೂರು ವಾರ ನಡೆಯುವ ಔಷಧಿ. ತುಂಬಿದ ಗ್ಲಾಸ್ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ. ಹಾಲು, ಕಬ್ಬಿಣದ ಗುಳಿಗೆ, ಗ್ಯಾಸಿನ ಔಷಧಿಯ ಜೊತೆ ತಗೋಬೇಡಿ, ನಡುವೆ ಎರಡು ಗಂಟೆಯಾದರೂ ಇರಲಿ. ಈ ಔಷಧಿ ನಡೆಯುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹತ್ತಿ ಬಿಡಿಸಲು, ಗದ್ದೆ ಕಳೆಗೆ ಹೋಗುವವರು ತೋಳು ತುಂಬಾ ಬಟ್ಟೆ ಹಾಕಿ, ತಲೆಗೆ ಸೆರಗು ಹೊದೆಯಿರಿ. ಗರ್ಭಿಣಿಯರಿಗೆ ಇದು ಆಗದು. ಮುಟ್ಟು ತಪ್ಪಿದ್ದರೆ ಮೊದಲೇ ಹೇಳಬೇಕು ಅನ್ನುವುದು ಇದಕ್ಕೇ.

ಪೆನ್ಸಿಲಿನ್ ಸೂಜಿ ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂತಿರಿ. ಮುಖ ಬಾತರೆ, ಉಸಿರು ಕಟ್ಟಿದರೆ ತಕ್ಷಣ ಕೂಗಿ. ಅವತ್ತು ರಾತ್ರಿ ಜ್ವರ, ಮೈಕೈ ನೋವು ಬರಬಹುದು. ರೋಗಾಣು ಸಾಯುವಾಗ ಹೀಗಾಗುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ. ಹಳೆಯ ಸಿಫಿಲಿಸ್ ಆಗಿದ್ದರೆ ವಾರಕ್ಕೊಂದರಂತೆ ಮೂರು ಸೂಜಿ. ನಡುವೆ ತಪ್ಪಿಸಿದರೆ ಮೊದಲಿನಿಂದ ಶುರು ಮಾಡಬೇಕಾಗಬಹುದು.

ಇಲ್ಲಿ ಆಗುವ ದೊಡ್ಡ ತಪ್ಪು ಹಳದಿ ಕಿಟ್‌ನದು. 14 ದಿನದ ಔಷಧಿ, ನಾಲ್ಕನೇ ದಿನಕ್ಕೆ ನೋವು ನಿಲ್ಲುತ್ತದೆ, ಗುಳಿಗೆ ಗೂಡಿನಲ್ಲಿ ಉಳಿಯುತ್ತದೆ. ಒಳಗಿನ ಉರಿ ಪೂರ್ತಿ ಆರದಿದ್ದರೆ ಗರ್ಭನಾಳ ಅಂಟಿಕೊಳ್ಳುತ್ತದೆ. ಮುಂದೆ ಮಕ್ಕಳಾಗದೆ ಇರಬಹುದು, ಗರ್ಭ ನಾಳದಲ್ಲೇ ನಿಲ್ಲಬಹುದು. ಪೀರ್ ಕಾರ್ಯಕರ್ತೆಯರು ಐದನೇ ದಿನ ಒಂದು ಫೋನ್ ಮಾಡಿ ಇದೊಂದನ್ನು ಕೇಳಲೇಬೇಕು.

## ಹಂತ 5: ಖಾಯಂ ಸಂಗಾತಿಯನ್ನು ಅದೇ ವಾರ ಕರೆತನ್ನಿ

ಕೆಲಸ ಕೆಡುವುದು ಇಲ್ಲೇ. ಉಳಿದ ಎಲ್ಲ ಹಂತ ಚೆನ್ನಾಗಿ ಮಾಡಿ ಇದನ್ನು ಬಿಟ್ಟರೆ ಶ್ರಮ ವ್ಯರ್ಥ. ಅದಕ್ಕೆ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಡಾಕ್ಟರನ್ನು ಕೇಳಿ: ನನ್ನವನಿಗೆ ಔಷಧಿ ಬೇಕಾ? ಎಲ್ಲ ಬಿಳಿಸೆರಗೂ ಗಂಡಸಿನಿಂದ ಬರುವುದಲ್ಲ. ಮೊಸರಿನ ಗಟ್ಟಿಯಂಥ ಸೆರಗು, ತುರಿಕೆ ಇದ್ದರೆ ಅದು ಸಾಮಾನ್ಯವಾಗಿ ಫಂಗಸ್. ಸಕ್ಕರೆ ಕಾಯಿಲೆ ಇದ್ದರೆ, ಬೇರೆ ಆಂಟಿಬಯೋಟಿಕ್ ತಗೊಂಡಿದ್ದರೂ ಬರುತ್ತದೆ. ಅವನಿಗೆ ತುರಿಕೆ ಇಲ್ಲದಿದ್ದರೆ ಔಷಧಿ ಬೇಡದೆ ಇರಬಹುದು. ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೊನಾಸ್, ಸಿಫಿಲಿಸ್ ಇದ್ದರೆ ಬೇಕೇ ಬೇಕು, ಅವನಿಗೆ ಏನೂ ಲಕ್ಷಣ ಇಲ್ಲದಿದ್ದರೂ. ಇದನ್ನು ತಿಳಿಯದೆ ಮನೆಗೆ ಹೋಗಿ ಜಗಳ ತೆಗೆದರೆ ನಷ್ಟ ನಿಮಗೇ.

ಚೀಟಿ ಇಸಕೊಳ್ಳಿ. ಸಂಗಾತಿಗೆ ಕೊಡುವ ಚೀಟಿ ಕ್ಲಿನಿಕ್‌ನಲ್ಲಿ ಸಿಗುತ್ತದೆ. ಅವನು ಅದನ್ನು ತೋರಿಸಿದರೆ ಯಾವುದಕ್ಕೆ ಚಿಕಿತ್ಸೆ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ಚೀಟಿ ಇಲ್ಲದೆ ಹೋದವನು "ನನಗೇನೂ ಇಲ್ಲ" ಅಂತ ಹೇಳಿ ಖಾಲಿ ಕೈಯಲ್ಲಿ ಬರುತ್ತಾನೆ.

ಹೇಳುವ ಹೊತ್ತು ಆರಿಸಿ. ಕುಡಿದಾಗ ಬೇಡ. ಮಕ್ಕಳೆದುರು ಬೇಡ. ಹಾಸಿಗೆಗೆ ಬಂದ ಮೇಲಂತೂ ಬೇಡವೇ ಬೇಡ. ಬೆಳಗಿನ ಚಹಾ ಹೊತ್ತು, ಅಥವಾ ಫೋನ್ ಒಳ್ಳೆಯದು. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿ ಓಡಿಸುವವನು ಲೋಡಿಗೆ ಕಾಯುವಾಗ ಸಮಾಧಾನವಾಗಿ ಮಾತಾಡುತ್ತಾನೆ. ಹಟ್ಟಿ ಗಣಿಯ ಶಿಫ್ಟ್ ಮುಗಿಸಿ ಬಂದವನಿಗೆ ನಿದ್ದೆ ಆದ ಮೇಲೆ ಹೇಳಿ.

ಯಾರಿಂದ ಬಂತು ಅನ್ನುವ ಪ್ರಶ್ನೆಯನ್ನೇ ಎತ್ತಬೇಡಿ. ಅದಕ್ಕೆ ಉತ್ತರ ಸಿಗುವುದು ಕಷ್ಟ. ಕ್ಲಮೈಡಿಯಾ ತಿಂಗಳುಗಟ್ಟಲೆ ಲಕ್ಷಣವಿಲ್ಲದೆ ಕೂತಿರುತ್ತದೆ. ಹರ್ಪಿಸ್ ವರ್ಷಗಳ ಹಿಂದಿನದಿರಬಹುದು. ಗೊನೊರಿಯಾ ಬಂದ ಗಂಡಸಿಗೆ ವಾರದೊಳಗೆ ಕೀವು ಕಾಣಬಹುದು, ಹೆಂಗಸಿಗೆ ಏನೂ ಕಾಣದೆ ಇರಬಹುದು. ಅವನಿಗೆ ಮೊದಲು ಕಂಡಿತು ಅಂದ ಮಾತ್ರಕ್ಕೆ ಇವಳು ಕೊಟ್ಟಳು ಅಂತಲ್ಲ, ಇವಳಿಗೆ ಮೊದಲು ಕಂಡರೂ ಅಷ್ಟೇ.

ಹೇಳುವ ಮಾತು ಹೀಗಿದ್ದರೆ ನಡೆಯುತ್ತದೆ:

"ನೋಡ್ರಿ, ಡಾಕ್ಟ್ರು ಇಬ್ಬರಿಗೂ ಒಟ್ಟಿಗೆ ಗುಳಿಗೆ ತಗೋರಿ ಅಂದಾರ. ನಿಮಗ ಹೊರಗ ಏನೂ ಕಾಣದಿದ್ರೂ ಒಳಗ ಇರಬಹುದಂತ. ನಾನೊಬ್ಬಾಕಿ ತಗೊಂಡ್ರ ತಿರುಗಿ ಬರ್ತೈತಂತ. ಈ ಚೀಟಿ ತೋರಿಸ್ರಿ ಸಾಕು, ನನ್ನ ಹೆಸರು ಹೇಳೋದು ಬ್ಯಾಡ."

ಡಾಕ್ಟರು ಹೇಳಿದರು ಅನ್ನುವುದು ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. ಅವನು "ನಿನ್ನ ಗಿರಾಕಿಯಿಂದ ಬಂದೈತಿ" ಅಂದರೆ ವಾದ ಬೇಡ. "ಯಾರಿಂದನಾ ಬರಲಿ, ಈಗ ನಿಮ್ಮ ಮೈಯಾಗ ಉಳಿಬಾರ್ದು" ಅಂತ ಹೇಳಿ ಚೀಟಿ ಕೈಗಿಡಿ. ತಾನು ಹೋಗದೆ "ನಿನ್ನ ಗುಳಿಗೇಲಿ ಅರ್ಧ ಕೊಡು" ಅನ್ನುವವರಿದ್ದಾರೆ. ಒಂದು ಕಿಟ್ ಒಬ್ಬರಿಗೆ ಮಾತ್ರ. ಹಂಚಿಕೊಂಡರೆ ಇಬ್ಬರಿಗೂ ಗುಣವಾಗುವುದಿಲ್ಲ.

ಬರಲು ಒಪ್ಪದಿದ್ದರೆ ಮೂರು ದಾರಿ ಇವೆ. ಆಪ್ತ ಸಮಾಲೋಚಕರು ನಿಮ್ಮ ಒಪ್ಪಿಗೆ ಪಡೆದು, ನಿಮ್ಮ ಹೆಸರು ಹೇಳದೆ ಅವನಿಗೆ ಫೋನ್ ಮಾಡಬಹುದು. ಅವನು ತನಗೆ ಅನುಕೂಲವಾದ ಬೇರೆ ಊರಿನ ಆಸ್ಪತ್ರೆಗೆ ಚೀಟಿ ತಗೊಂಡು ಹೋಗಬಹುದು. ಇಲ್ಲವೇ ಡಾಕ್ಟರು ಒಪ್ಪಿದರೆ ಅವನ ಗುಳಿಗೆಯನ್ನೂ ನಿಮ್ಮ ಕೈಗೇ ಕೊಡಬಹುದು. ಆಗ ಅವನಿಗೆ ಔಷಧಿ ಅಲರ್ಜಿ ಇದೆಯಾ ಅಂತ ಮೊದಲು ತಿಳಿದುಕೊಂಡಿರಬೇಕು. ಗುಳಿಗೆ ನಿಮ್ಮ ಎದುರೇ ನುಂಗಲಿ. ಸಿಫಿಲಿಸ್ ಆದರೆ ಮಾತ್ರ ಈ ದಾರಿ ಇಲ್ಲ, ಅವನೇ ಹೋಗಿ ರಕ್ತ ಕೊಟ್ಟು ಸೂಜಿ ಹಾಕಿಸಿಕೊಳ್ಳಬೇಕು.

ಅವನಿಗೆ ಮನೆಯಲ್ಲಿ ಹೆಂಡತಿ ಇದ್ದರೆ ಲೆಕ್ಕದಲ್ಲಿ ಮೂರನೆಯವಳೂ ಇದ್ದಾಳೆ. ಅವಳಿಗೆ ಔಷಧಿ ಆಗದಿದ್ದರೆ ಸೋಂಕು ಅವನ ಮೂಲಕ ನಿಮಗೇ ತಿರುಗಿ ಬರುತ್ತದೆ. ಅವಳು ಗರ್ಭಿಣಿಯಾಗಿದ್ದರೆ ಮಗುವಿನ ಜೀವದ ಪ್ರಶ್ನೆ. ಇದನ್ನು ಅವನಿಗೆ ಡಾಕ್ಟರೇ ಹೇಳಲಿ ಅಂತ ಕೇಳಿಕೊಳ್ಳಿ. ಪೀರ್ ಕಾರ್ಯಕರ್ತೆಯರು ಎಂದೂ ಆ ಮನೆಗೆ ಹೋಗಬಾರದು. ಒಬ್ಬ ಹೆಂಗಸಿನ ಆರೋಗ್ಯ ಕಾಯಲು ಹೋಗಿ ಇಬ್ಬರ ಬದುಕು ಬೀದಿಗೆ ಬರುತ್ತದೆ.

ಹೊಡೆಯುತ್ತಾನೆ ಎಂಬ ಭಯ ಇದ್ದರೆ ನೀವೇ ಹೇಳಬೇಡಿ. ಸೋಂಕಿಗಿಂತ ನಿಮ್ಮ ಜೀವ ದೊಡ್ಡದು. ಸಮಾಲೋಚಕರಿಗೆ ಇದನ್ನು ಮೊದಲೇ ತಿಳಿಸಿ, ಬೇರೆ ದಾರಿ ನೋಡಲಿ. ಹೊಡೆತ ಶುರುವಾದರೆ 112, ಮಹಿಳಾ ಸಹಾಯವಾಣಿ 181. ಅವನಿಗೆ ಔಷಧಿ ಆಗುವ ತನಕ ಕಾಂಡೋಮ್ ಇಲ್ಲದೆ ಬೇಡ. ಅದಕ್ಕೂ ಹೆದರಿಕೆ ಇದ್ದರೆ "ಒಳಗ ಹುಣ್ಣಾಗೈತಿ, ಡಾಕ್ಟ್ರು ಬ್ಯಾಡ ಅಂದಾರ" ಅನ್ನಿ.

ಇನ್ನೊಂದು ವಿಷಯ. ಕಳೆದ ಮೂರು ತಿಂಗಳಲ್ಲಿ ಕಾಂಡೋಮ್ ಇಲ್ಲದೆ ಸಂಪರ್ಕ ಆದ ಖಾಯಂ ಗಿರಾಕಿಗಳಿದ್ದರೆ ಅವರಿಗೂ ಚೀಟಿ ತಲುಪಿಸಿ. ಫೋನ್ ನಂಬರೇ ಇಲ್ಲದ ಗಿರಾಕಿಗಳ ಬಗ್ಗೆ ತಲೆ ಕೆಡಿಸಿಕೊಂಡು ಕೂರಬೇಡಿ. ನಿಮ್ಮ ಕೈಗೆ ಸಿಗುವವರನ್ನು ಹಿಡಿಯಿರಿ.

## ಹಂತ 6: ಏಳು ದಿನ ಹೇಗೆ ಕಳೆಯುವುದು

ಒಂದೇ ಡೋಸಿನ ಔಷಧಿ ಆದರೆ ನುಂಗಿದ ದಿನದಿಂದ 7 ದಿನ ಸಂಭೋಗ ಬೇಡ. ಉದ್ದದ ಕೋರ್ಸ್ ಆದರೆ ಅದು ಮುಗಿಯುವ ತನಕ. ಹುಣ್ಣು ಇದ್ದರೆ ಪೂರ್ತಿ ಮಾಯುವ ತನಕ. ಲೆಕ್ಕ ಶುರುವಾಗುವುದು ಇಬ್ಬರಲ್ಲಿ ಯಾರು ಕೊನೆಗೆ ಔಷಧಿ ತಗೊಂಡರೋ ಅವರ ದಿನದಿಂದ. ನೀವು ಸೋಮವಾರ ನುಂಗಿ, ಅವನು ಗುರುವಾರ ನುಂಗಿದರೆ ಮುಂದಿನ ಗುರುವಾರದ ತನಕ. ಬಹಳ ಜನ ತಪ್ಪುವುದು ಈ ಲೆಕ್ಕದಲ್ಲೇ.

ಏಳು ದಿನ ದುಡಿಮೆ ಇಲ್ಲ ಅಂದರೆ ಸಂಘದ ಕಂತು, ಬಾಡಿಗೆ, ಮಕ್ಕಳ ಖರ್ಚು ಹೇಗೆ? ಈ ಪ್ರಶ್ನೆ ಕೇಳದೆ "ಬಿಡವ್ವ, ಏಳು ದಿನ ರೆಸ್ಟ್ ತಗೋ" ಅಂತ ಉಪದೇಶ ಮಾಡುವವರ ಮಾತನ್ನು ಯಾರೂ ಪಾಲಿಸುವುದಿಲ್ಲ. ತುರ್ತು ಇಲ್ಲದಿದ್ದರೆ ಮುಟ್ಟಿನ ದಿನಗಳಿಗೆ ಸ್ವಲ್ಪ ಮುಂಚೆ ಔಷಧಿ ಶುರು ಮಾಡಿ, ಹೇಗೂ ಕೆಲವು ದಿನ ರಜೆ ಇರುತ್ತದೆ. ಆದರೆ ಅದಕ್ಕಾಗಿ ವಾರಗಟ್ಟಲೆ ಮುಂದೂಡಬೇಡಿ. ಹುಲಿಗಿ ಜಾತ್ರೆಯಂಥ ದುಡಿಮೆಯ ದಿನ ಎದುರಿಗಿದ್ದರೆ ಅದಕ್ಕೂ ಹತ್ತು ದಿನ ಮೊದಲೇ ತೋರಿಸಿ. ಸಂಘದಲ್ಲಿ ಕಂತು ಒಂದು ವಾರ ಮುಂದೆ ಹಾಕಿಸಿಕೊಳ್ಳಲು ಪೀರ್ ಕಾರ್ಯಕರ್ತೆ ಜೊತೆಗೆ ಹೋಗಲಿ, ಕಾರಣ ಹೇಳಬೇಕಿಲ್ಲ.

ಇಷ್ಟಾದರೂ ಕೆಲಸ ಬಿಡಲು ಆಗದವರು ಇರುತ್ತಾರೆ. ಅವರಿಗೆ ಬೈಯಬೇಡಿ. ಪ್ರತಿ ಸಲ ಕಾಂಡೋಮ್, ಜೊತೆಗೆ ಜೆಲ್. ಸಾಧ್ಯವಾದಷ್ಟು ಕೈಯಿಂದಲೇ ಮುಗಿಸಿ. ಎರಡೆರಡು ಕಾಂಡೋಮ್ ಒಂದರ ಮೇಲೊಂದು ಹಾಕಬೇಡಿ, ತಿಕ್ಕಾಟಕ್ಕೆ ಹರಿಯುತ್ತವೆ. ಹುಣ್ಣು ಇದ್ದಾಗ ಮಾತ್ರ ಇದೂ ಸಾಲದು, ಕಾಂಡೋಮ್ ಮುಚ್ಚದ ಜಾಗದಿಂದಲೂ ಅಂಟುತ್ತದೆ.

## ಹಂತ 7: ಏಳನೇ ದಿನ ವಾಪಸ್ ಹೋಗಿ

ಗುಣವಾಗಿದೆ ಅನಿಸಿದರೂ ಹೋಗಿ. ಇನ್ನೂ ಸೆರಗು, ಉರಿ ಇದ್ದರೆ ಡಾಕ್ಟರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧ ಇರಲಿ: ಪೂರ್ತಿ ನುಂಗಿದಿರಾ, ವಾಂತಿ ಆಯಿತಾ, ಸಂಗಾತಿಗೆ ಔಷಧಿ ಆಯಿತಾ, ನಡುವೆ ಕಾಂಡೋಮ್ ಇಲ್ಲದೆ ಸಂಪರ್ಕ ಆಯಿತಾ. ನಾಲ್ಕಕ್ಕೂ ಉತ್ತರ ಸರಿ ಇದ್ದು ಲಕ್ಷಣ ಉಳಿದಿದ್ದರೆ ಅದೇ ಕಿಟ್ ಮತ್ತೆ ನುಂಗುವುದು ಪರಿಹಾರ ಅಲ್ಲ. ಲ್ಯಾಬ್ ಪರೀಕ್ಷೆ ಬೇಕು. ರೋಗ ಬೇರೆ ಇರಬಹುದು, ಇಲ್ಲವೇ ರೋಗಾಣು ಆ ಔಷಧಿಗೆ ಬಗ್ಗದೆ ಇರಬಹುದು. ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬರೆದುಕೊಡಿ ಅಂತ ಕೇಳಿ.

ಕಿಬ್ಬೊಟ್ಟೆ ನೋವಿಗೆ ಔಷಧಿ ನಡೆಯುತ್ತಿದ್ದರೆ ಏಳು ದಿನ ಕಾಯಬೇಡಿ. ಮೂರನೇ ದಿನಕ್ಕೂ ನೋವು ಇಳಿಯದಿದ್ದರೆ ಮತ್ತೆ ತೋರಿಸಿ, ಅಡ್ಮಿಟ್ ಆಗಬೇಕಾಗಬಹುದು.

## ಹಂತ 8: ಮೂರು ತಿಂಗಳ ಲೆಕ್ಕ ಇಡಿ

ಲಕ್ಷಣ ಇರಲಿ ಬಿಡಲಿ, ಮೂರು ತಿಂಗಳಿಗೊಮ್ಮೆ ತಪಾಸಣೆ, ಆರು ತಿಂಗಳಿಗೊಮ್ಮೆ ಸಿಫಿಲಿಸ್ ಮತ್ತು ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸಿ. ಕ್ಲಮೈಡಿಯಾ, ಗೊನೊರಿಯಾ ಹೆಂಗಸರಲ್ಲಿ ಬಹಳ ಸಲ ಸುಳಿವೇ ಕೊಡುವುದಿಲ್ಲ. ಲಕ್ಷಣಕ್ಕೆ ಕಾದು ಕೂತರೆ ಹೊಟ್ಟೆ ನೋವು ಶುರುವಾದ ಮೇಲೆಯೇ ಗೊತ್ತಾಗುವುದು. ಮೊದಲ ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂದಿದ್ದರೂ ಮೂರು ತಿಂಗಳ ನಂತರ ಇನ್ನೊಂದು ಸಲ ಮಾಡಿಸಬೇಕು, ಹೊಸ ಸೋಂಕು ತಕ್ಷಣ ತೋರಿಸುವುದಿಲ್ಲ. ಪಾಸಿಟಿವ್ ಬಂದರೆ ಎಆರ್‌ಟಿ ಔಷಧಿ ಉಚಿತ, ಅವತ್ತಿನಿಂದಲೇ ನೋಂದಣಿ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆ, ಗರ್ಭಕೊರಳ ಕ್ಯಾನ್ಸರ್ ತಪಾಸಣೆಯ ಬಗ್ಗೆಯೂ ಈ ಭೇಟಿಯಲ್ಲೇ ಕೇಳಿ.

ಸಂಗಾತಿಯನ್ನೂ ಈ ಲೆಕ್ಕಕ್ಕೆ ಸೇರಿಸಿ. ಮೂರನೇ ತಿಂಗಳ ತಪಾಸಣೆಗೆ ಇಬ್ಬರೂ ಬಂದು, ಇಬ್ಬರ ರಿಪೋರ್ಟೂ ಸರಿ ಇದ್ದರೆ ಮುಂದೆ ಕಾಂಡೋಮ್ ಬಗ್ಗೆ ಮಾತಾಡುವುದು ಸುಲಭ. ಅಲ್ಲಿಯ ತನಕ ಮನೆಯಲ್ಲೂ ಕಾಂಡೋಮ್ ಇರಲಿ.

ಸಿಫಿಲಿಸ್ ಆದವರಿಗೆ ಒಂದು ಗೊಂದಲ ಸಾಮಾನ್ಯ. ಬೆರಳು ಚುಚ್ಚಿ ಮಾಡುವ ಪರೀಕ್ಷೆ ಗುಣವಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ತೋರಿಸುತ್ತದೆ. ಅದನ್ನು ನೋಡಿ ಮತ್ತೆ ರೋಗ ಬಂತು ಅಂತ ಸೂಜಿ ಮೇಲೆ ಸೂಜಿ ಹಾಕಿಸಿಕೊಳ್ಳುವವರಿದ್ದಾರೆ. ಗುಣವಾಗಿದೆಯೋ ಇಲ್ಲವೋ ತಿಳಿಯಲು ಆರ್‌ಪಿಆರ್ ಅಥವಾ ವಿಡಿಆರ್‌ಎಲ್ ಎಂಬ ರಕ್ತ ಪರೀಕ್ಷೆಯ ಅಂಕಿ ನೋಡಬೇಕು. 1:32 ಇದ್ದದ್ದು ಆರು ತಿಂಗಳು, ವರ್ಷದಲ್ಲಿ 1:8ಕ್ಕೆ ಅಥವಾ ಇನ್ನೂ ಕೆಳಗೆ ಇಳಿದರೆ ಔಷಧಿ ಹಿಡಿದಿದೆ. 1:8 ಇದ್ದದ್ದು 1:32ಕ್ಕೆ ಏರಿದರೆ ಮತ್ತೆ ಸೋಂಕು ತಗುಲಿರಬಹುದು, ಅಥವಾ ಮೊದಲ ಚಿಕಿತ್ಸೆ ಹಿಡಿದಿಲ್ಲದೆ ಇರಬಹುದು. ಆಗ ಇಬ್ಬರೂ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು.

ಹೋಲಿಸಲು ಹಳೆಯ ಅಂಕಿ ಬೇಕಲ್ವಾ? ಬೇಸಿಗೆಯಲ್ಲಿ ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವವರು ಆ ರಿಪೋರ್ಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಒಂದು ಪ್ರತಿ ಪೀರ್ ಕಾರ್ಯಕರ್ತೆಯ ಹತ್ತಿರವೂ ಇರಲಿ. ಅಲ್ಲಿನ ಡಾಕ್ಟರು ಅದನ್ನು ನೋಡಿ ಮುಂದಿನ ಚಿಕಿತ್ಸೆ ಬೇಕೋ ಬೇಡವೋ ಹೇಳುತ್ತಾರೆ.